ಏಳನೇ ಗುಂಡಿ

ಚೀಟಿಯಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು: ‘ಏಳನೇ ಗುಂಡಿ ಒತ್ತಿದರೆ ಕರಕರ ಸದ್ದು. ಒಮ್ಮೊಮ್ಮೆ ಎಡಗಡೆ ಸದ್ದು ಸಣ್ಣಗಾಗುತ್ತದೆ.’ ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ಮೂರನೇ ಸಲ’. ಅಕ್ಷರ ಅತ್ತಿಗೆಯದು. ಗಿರಾಕಿ ಹೇಳಿದ್ದನ್ನು ಬರೆದುಕೊಂಡು, ಪೆಟ್ಟಿಗೆಗೆ ಅಂಟಿಸಿ ಒಳಗೆ ಕಳಿಸುವುದು ಅವರ ಕೆಲಸ. ಬಿಚ್ಚಿ ಸರಿಮಾಡುವುದು ನನ್ನದು. ಮೂರನೇ ಸಲ ಎಂಬುದನ್ನು ಕೆಂಪು ಶಾಯಿಯಲ್ಲೇ ಬರೆಯಬೇಕಿತ್ತೇ ಎಂದು ಬೆಳಿಗ್ಗೆ ಬೆಳಿಗ್ಗೆಯೇ ನನ್ನ ಪಿತ್ತ ನೆತ್ತಿಗೇರಿತ್ತು.

ಪೆಟ್ಟಿಗೆಯೆಂದರೆ ಹಳೆಯ ಎಕೋ ಮೆಷಿನ್. ಹಾಡುವವರ ದನಿಗೆ ಗುಹೆಯ ಗುಂಗು, ದೊಡ್ಡ ಹಾಲಿನ ಗುಂಗು ಕೊಡುವ ಯಂತ್ರ. ನಲವತ್ತು ವರ್ಷದ ಹಿಂದಿನದು, ಇಬ್ಬರು ಹಿಡಿದರೆ ಮಾತ್ರ ಏಳುತ್ತದೆ. ಈಗ ಅದೇ ಕೆಲಸವನ್ನು ಫೋನೂ ಮಾಡುತ್ತದಂತೆ, ಮಾಡಲಿ ಬಿಡಿ. ಮುಂಭಾಗದಲ್ಲಿ ಎಂಟು ಗುಂಡಿ, ಪ್ರತಿ ಗುಂಡಿಯ ಹಿಂದೆ ಒಂದೊಂದು ರಿಲೇ. ರಿಲೇ ಎಂದರೆ ಬೆಂಕಿಪೊಟ್ಟಣದ ಅರ್ಧದಷ್ಟಿರುವ ಕರಿ ಡಬ್ಬಿ. ಒಳಗೆ ಕೂದಲೆಳೆಯಂಥ ತಂತಿಯ ಸುರುಳಿ ಇರುತ್ತದೆ. ಗುಂಡಿ ಒತ್ತಿದಾಗ ಅದಕ್ಕೆ ಕರೆಂಟ್ ಹೋಗಿ, ಅದು ಅಯಸ್ಕಾಂತವಾಗಿ ಪುಟ್ಟ ತಗಡೊಂದನ್ನು ಸೆಳೆಯುತ್ತದೆ. ತಗಡು ಹೋಗಿ ಆಚೆಯ ಮೊನೆಗೆ ತಾಗಿದರೆ ಹಾಡಿಗೆ ಒಂದು ದಾರಿ, ಬಿಟ್ಟರೆ ಇನ್ನೊಂದು ದಾರಿ. ತಾಗುವಾಗ ‘ಟಿಕ್’ ಎನ್ನುತ್ತದೆ. ವರ್ಷಗಳು ಕಳೆದಂತೆ ತಾಗುವ ಜಾಗ ಕಪ್ಪುಗಟ್ಟುತ್ತದೆ, ಕರಕರ ಶುರುವಾಗುತ್ತದೆ.

ಈ ಟಿಕ್‌ನಿಂದಲೇ ನನಗೆ ಹೆಸರು ಬಂದದ್ದು. ಸ್ಟುಡಿಯೋದವರು, ಆರ್ಕೆಸ್ಟ್ರಾದವರು, ಅಂಗಡಿಗೆ ಬರುವ ಎಲ್ಲರೂ ನನ್ನನ್ನು ಕರೆಯುವುದು ಕಿವಿಯಣ್ಣ ಎಂದು. ಇಪ್ಪತ್ತು ರಿಲೇಗಳನ್ನು ಒಂದರ ಹಿಂದೊಂದು ಟಿಕ್ ಎನ್ನಿಸಿದರೆ, ಅದರಲ್ಲಿ ಸೋಮಾರಿ ಯಾವುದೆಂದು ಬೆನ್ನು ತಿರುಗಿಸಿ ಕೂತೇ ಹೇಳುತ್ತಿದ್ದೆ. ಅಂಗಡಿ ಹಾಕಿದವನು ನನ್ನ ಅಣ್ಣ. ಗಿರಾಕಿಗಳ ಎದುರು ನನ್ನಿಂದ ಈ ಆಟ ಆಡಿಸಿ ತಾನು ಮೀಸೆ ತಿರುವುತ್ತಿದ್ದ. ನನಗೆ ಮದುವೆಯಾಗಲಿಲ್ಲ; ಆಗಿದ್ದರೆ ಈ ಕಿವಿ ಇಷ್ಟು ದಿನ ಬಾಳುತ್ತಿರಲಿಲ್ಲ ಎಂದು ಅತ್ತಿಗೆಗೆ ಕೇಳಿಸುವ ಹಾಗೆ ತಮಾಷೆ ಮಾಡುತ್ತಿದ್ದವನೂ ಅವನೇ. ಅವನು ತೀರಿಕೊಂಡು ಆರು ವರ್ಷವಾಯಿತು. ಅಂದಿನಿಂದ ಮುಂದಿನ ಕೌಂಟರಿನಲ್ಲಿ ಅತ್ತಿಗೆ, ಹಿಂದಿನ ಕೋಣೆಯ ಮೇಜಿನಲ್ಲಿ ನಾನು, ನಡುವೆ ಒಂದು ಪರದೆ.

ಈಗ ನಿಜ ಹೇಳಿಬಿಡುತ್ತೇನೆ. ನನ್ನ ಕಿವಿ ಮಂದವಾಗತೊಡಗಿ ಎರಡು ವರ್ಷವಾಗಿತ್ತು. ಮೊದಲು ಹಕ್ಕಿಗಳು ಹೋದವು, ಆಮೇಲೆ ಕೈಗಡಿಯಾರ, ಆಮೇಲೆ ಪರದೆಯಾಚೆಯ ಮಾತು. ನೆಗಡಿ ಎಂದುಕೊಂಡೆ, ಧೂಳು ಎಂದುಕೊಂಡೆ, ಈಚೆಗೆ ಜನ ಬಾಯೊಳಗೇ ಮಾತಾಡುತ್ತಾರೆ ಎಂದುಕೊಂಡೆ. ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಅವರು ಹೇಳುತ್ತಾರೆ, ಹೇಳಿದರೆ ಅದು ನಿಜವಾಗುತ್ತದೆ. ಯಾರು ಏನೇ ಹೇಳಿದರೂ ಹೂಂ ಎಂದು ತಲೆಯಾಡಿಸುವುದನ್ನು ಕಲಿತೆ. ಅದರಲ್ಲೂ ಅತ್ತಿಗೆಗೆ ಸುಳಿವು ಸಿಗದಂತೆ ನೋಡಿಕೊಂಡೆ. ಕಿವಿಯಣ್ಣನಿಂದ ಕಿವಿಯನ್ನು ಕಳೆದರೆ ಉಳಿಯುವುದು ಐವತ್ತೇಳರ ಒಬ್ಬ ಮುಂಗೋಪಿ ಮತ್ತು ಒಂದು ಸೋಲ್ಡರಿಂಗ್ ಕಡ್ಡಿ. ಆ ಮನುಷ್ಯ ಯಾರಿಗೆ ಬೇಕು?

ಈ ಎರಡು ವರ್ಷದಲ್ಲಿ ಗಿರಾಕಿಗಳೂ ಹಾಳಾಗಿದ್ದರು. ಸರಿಮಾಡಿ ಕಳಿಸಿದ ಪೆಟ್ಟಿಗೆ ನಾಲ್ಕು ದಿನಕ್ಕೆ ಹೊಸ ಚೀಟಿ ಅಂಟಿಸಿಕೊಂಡು ವಾಪಸ್ ಬರುತ್ತಿತ್ತು. ಅಲ್ಲಿ ಹಿಸ್ ಅನ್ನುತ್ತದಂತೆ, ಇಲ್ಲಿ ಚಿಟ್ ಅನ್ನುತ್ತದಂತೆ. ಅವರ ತಲೆ ಎಂದು ಬೈದುಕೊಂಡು ಚೀಟಿಯಲ್ಲಿ ಹೇಳಿದ ಜಾಗವನ್ನು ಕಾಟಾಚಾರಕ್ಕೆ ಒರೆಸಿ, ಒಂದು ಬೆಸುಗೆ ಹೊಸದಾಗಿ ಹಾಕಿ ಕೊಡುತ್ತಿದ್ದೆ. ಮತ್ತೆ ದೂರು ಬರುತ್ತಿರಲಿಲ್ಲ. ಹಾಗಾಗಿ ಮೊದಲ ದೂರೇ ಸುಳ್ಳು ಎಂದು ನಂಬಿದ್ದೆ. ಈ ಎಕೋ ಮೆಷಿನ್ ಮಾತ್ರ ಹಾಗೆ ಬಗ್ಗಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಅತ್ತಿಗೆ ಪರದೆ ಸರಿಸಿ ಬಂದು ನನ್ನ ಎದುರಿಗೇ ನಿಂತರು. ಈಚೆಗೆ ಅವರಿಗೆ ಅದೊಂದು ಅಭ್ಯಾಸವಾಗಿತ್ತು. ಎದುರು ನಿಂತು, ಒಂದನೇ ಕ್ಲಾಸಿನ ಟೀಚರಂತೆ ಬಾಯಿ ತೆರೆದು ಮಾತಾಡುತ್ತಿದ್ದರು.

“ರೆಕಾರ್ಡಿಂಗ್‌ನವನು ನಾಲ್ಕಕ್ಕೆ ಬರ್ತಾನೆ. ಆರಕ್ಕೆ ಆ ವಯಸ್ಸಾದ ಗಾಯಕಿ ಹಾಡ್ತಾರಂತೆ. ನಾಳೆ ಅವ್ರು ಊರಲ್ಲಿರಲ್ಲ. ಈ ಮೆಷಿನ್ ಇಲ್ದಿದ್ರೆ ಹಾಡೋದೇ ಇಲ್ಲ ಅಂತ ಕೂತಿದ್ದಾರಂತೆ.”

“ಆಗುತ್ತೆ ಬಿಡಿ ಅತ್ತಿಗೆ.”

“ಏಳನೇ ಗುಂಡಿ.”

“ಓದಕ್ಕೆ ಬರುತ್ತೆ ನಂಗೆ.”

ಅವರು ಪರದೆ ಸರಿಸಿ ಹೋದರು. ಕೌಂಟರಿನ ಪಕ್ಕದಲ್ಲಿ ಅವರ ಎರಡು ಸೂಟ್‌ಕೇಸ್ ಆಗಲೇ ಕಟ್ಟಿ ನಿಲ್ಲಿಸಿದ್ದವು. ಸೋಮವಾರ ಅವರು ಮಗಳ ಊರಿಗೆ ಹೊರಡುವವರಿದ್ದರು, ಅಲ್ಲೇ ಇರಲು. ಅಂದು ಶನಿವಾರ. ಅವರಿಲ್ಲದೆ ಕೌಂಟರ್ ನೋಡಿಕೊಳ್ಳುವುದು ಹೇಗೆ ಎಂಬುದಷ್ಟೇ ನನ್ನ ಚಿಂತೆಯಾಗಿತ್ತು. ಅದಕ್ಕಿಂತ ದೊಡ್ಡ ಚಿಂತೆ ಈ ಮೆಷಿನ್. ಮೂರನೇ ಸಲವೂ ಕೈಕೊಟ್ಟರೆ, ಕಿವಿಯಣ್ಣನ ಕಥೆ ಮುಗಿಯಿತು ಎಂಬ ಮಾತು ನಾಳೆಯೊಳಗೆ ಊರಿನ ಎಲ್ಲ ಸ್ಟುಡಿಯೋಗಳನ್ನೂ ಸುತ್ತಿಬರುತ್ತದೆ.

ಹೆಡ್‌ಫೋನ್ ಹಾಕಿಕೊಂಡು ಹಾಡು ಬಿಟ್ಟು ಏಳನೇ ಗುಂಡಿ ಒತ್ತಿದೆ. ಎಕೋ ಚೆನ್ನಾಗಿಯೇ ಬಂತು. ಕರಕರ ಇಲ್ಲ, ಏನೂ ಇಲ್ಲ. ರಿಲೇಯ ತಲೆಯ ಮೇಲೆ ಪೆನ್ಸಿಲಿನ ಹಿಂಬದಿಯಿಂದ ತಟ್ಟಿದೆ. ಕೆಟ್ಟ ರಿಲೇಯನ್ನು ತಟ್ಟಿದರೆ ಬೊಬ್ಬೆ ಹೊಡೆಯುತ್ತದೆ, ಇದು ತೆಪ್ಪಗಿತ್ತು. ಗಿರಾಕಿಗೇನು ಗೊತ್ತು, ಒಂದು ಕಡೆಯ ನೋವನ್ನು ಇನ್ನೊಂದು ಕಡೆ ತೋರಿಸುತ್ತಾನೆ ಎಂದುಕೊಂಡು ಚೀಟಿಯನ್ನು ಕಿತ್ತು ಮೇಜಿನ ಮೂಲೆಗೆ ಸರಿಸಿದೆ.

ಆಮೇಲೆ ಅಣ್ಣನ ಪದ್ಧತಿ ಹಿಡಿದೆ. ಹಾಡು ನಿಲ್ಲಿಸಬೇಕು, ಫ್ಯಾನ್ ಆರಿಸಬೇಕು, ಒಂದೊಂದೇ ಗುಂಡಿ ಒತ್ತಿ ಬರೀ ರಿಲೇಯ ಸದ್ದು ಕೇಳಬೇಕು. ಟಿಕ್ ಎನ್ನದ ರಿಲೇ ಸತ್ತ ರಿಲೇ; ಅದನ್ನು ಇನ್ನೇನೂ ಕೇಳದೆ ಕೀಳುವುದು. ನಮ್ಮ ಅಂಗಡಿಯಲ್ಲಿ ಮೂವತ್ತು ವರ್ಷ ನಡೆದದ್ದು ಇದೊಂದೇ ಕಾನೂನು. ಗೆರೆ ಕುಣಿಯುವ ತೆರೆಯನ್ನು ನೋಡಿ ರಿಪೇರಿ ಮಾಡುವವರನ್ನು ನಾನು ಜೀವಮಾನವಿಡೀ ಆಡಿಕೊಂಡವನು. ಅಣ್ಣ ತಂದಿಟ್ಟಿದ್ದ ಅಂಥ ಒಂದು ಯಂತ್ರವನ್ನು ಅವನು ತೀರಿಕೊಂಡ ವರ್ಷವೇ ಯಾರಿಗೋ ದಾಟಿಸಿದ್ದೆ.

ಒಂದನೆಯದು ಟಕ್ ಎಂದಿತು. ಎರಡನೆಯದು ಏನೂ ಅನ್ನಲಿಲ್ಲ. ಮತ್ತೆ ಒತ್ತಿದೆ, ಇಲ್ಲ. ಮೂರನೆಯದು ಟಕ್. ನಾಲ್ಕು, ಐದು, ಎರಡೂ ಮೂಕ. ಆರು, ಏಳು, ಎಂಟು ಟಕ್, ಟಕ್, ಟಕ್. ಎರಡು, ನಾಲ್ಕು, ಐದು, ಈ ಮೂರು ಮಾತ್ರ ಯಂತ್ರದ ಜೊತೆಗೇ ಹುಟ್ಟಿದ ರಿಲೇಗಳು. ಉಳಿದ ಐದನ್ನು ಅಣ್ಣ ಹದಿನೈದು ವರ್ಷದ ಹಿಂದೆ ಬದಲಿಸಿದ್ದ. ಆ ಹೊಸ ಜಾತಿಯದು ದಪ್ಪ ದನಿ. ನಲವತ್ತು ವರ್ಷ ದುಡಿದ ಮುದುಕರು ಸತ್ತರೆ ಆಶ್ಚರ್ಯವೇನು? ನನಗೆ ಎಷ್ಟು ಖುಷಿಯಾಯಿತೆಂದರೆ, “ಸಿಕ್ಕಿಬಿದ್ರಾ ಕಳ್ಳರಾ” ಎಂದು ಜೋರಾಗಿಯೇ ಹೇಳಿದೆ.

ಮೂರನ್ನೂ ಬೆಸುಗೆ ಕರಗಿಸಿ ಕಿತ್ತೆ. ಈ ಜಾತಿ ಈಗ ಎಲ್ಲೂ ತಯಾರಾಗುವುದಿಲ್ಲ. ಅದರ ಬದಲಿಗೆ ಕೂರುವಂಥವು ಬಿಸ್ಕತ್ತಿನ ಡಬ್ಬಿಯಲ್ಲಿ ಎರಡೇ ಎರಡು ಉಳಿದಿದ್ದವು. ಆದ್ದರಿಂದ ಕಿತ್ತದ್ದನ್ನೇ ತೆರೆದು, ಕಪ್ಪು ಕೆರೆದು, ಮತ್ತೆ ಕೂರಿಸುವುದು ನನ್ನ ಯೋಚನೆ. ಬ್ಲೇಡಿನಿಂದ ಮುಚ್ಚಳದ ಅಂಚು ಕೊಯ್ದೆ. ಎರಡು ಸರಾಗವಾಗಿ ಬಿಟ್ಟುಕೊಂಡವು. ಮೂರನೆಯದರಲ್ಲಿ ಬ್ಲೇಡ್ ಒಂದು ಕೂದಲೆಳೆ ಆಳಕ್ಕೆ ಹೋಗಿ ಸುರುಳಿಯ ತಂತಿಯನ್ನೇ ಕತ್ತರಿಸಿತು. ಆ ರಿಲೇ ಅಲ್ಲಿಗೆ ಮಣ್ಣುಪಾಲು. ಇರಲಿ, ಹೇಗೂ ಸತ್ತದ್ದೇ ಎಂದು ಸಮಾಧಾನ ಮಾಡಿಕೊಂಡು ಭೂತಗನ್ನಡಿ ಹಿಡಿದೆ.

ತಾಗುವ ಮೊನೆಗಳು ಹೊಸ ಮೂಗುಬೊಟ್ಟಿನಂತೆ ಹೊಳೆಯುತ್ತಿದ್ದವು.

ಮೂರರಲ್ಲೂ ಅಷ್ಟೇ. ಒಂದು ಚುಕ್ಕೆ ಕಪ್ಪಿಲ್ಲ. ಸರಿಯಾಗಿದ್ದ ಒಂದನ್ನು ಎತ್ತಿಕೊಂಡು ಅದರ ಕಾಲುಗಳಿಗೆ ಹನ್ನೆರಡು ವೋಲ್ಟ್ ಮುಟ್ಟಿಸಿದೆ. ಪುಟ್ಟ ತಗಡು ಚಂಗನೆ ಹಾರಿ ಮೊನೆಗೆ ಬಡಿಯಿತು. ತೆಗೆದೆ, ಹಿಂದೆ ಬಂತು. ಮುಟ್ಟಿಸಿದೆ, ಬಡಿಯಿತು. ನನ್ನ ಕಣ್ಣೆದುರೇ ಬಡಿಯುತ್ತಿತ್ತು, ಸದ್ದೇ ಇರಲಿಲ್ಲ. ಬಲಗಿವಿಗೆ ಹಿಡಿದೆ, ಎಡಗಿವಿಗೆ ಹಿಡಿದೆ, ಉಸಿರು ಬಿಗಿಹಿಡಿದೆ. ಕೊನೆಗೆ ಕೆನ್ನೆಯ ಮೂಳೆಗೆ ಒತ್ತಿ ಹಿಡಿದಾಗ ಅದರ ಪುಟ್ಟ ಏಟು ಚರ್ಮಕ್ಕೆ ತಾಗಿತು. ಸಾಯದ ರಿಲೇಯನ್ನು ಸತ್ತಿದೆ ಎಂದು ಕೊಯ್ದು ಹಾಕಿದ್ದೆ. ಸತ್ತದ್ದು ನನ್ನ ಕಿವಿ.

ಗಂಟೆ ಒಂದಾಗಿತ್ತು. ಯಂತ್ರದಲ್ಲಿ ಮೂರು ತೂತು, ಮೇಜಿನ ಮೇಲೆ ಮೂರು ಹೆಣ, ಕರಕರ ಎನ್ನುವ ನಿಜವಾದ ಕಳ್ಳ ಇನ್ನೂ ಒಳಗೇ ಇದ್ದಾನೆ. ಎಷ್ಟು ಸಲ ಹೆಡ್‌ಫೋನ್ ಹಾಕಿದರೂ ಅವನು ನನಗೆ ಕೇಳಿಸುವುದಿಲ್ಲ. ಮೆಷಿನನ್ನು ಮೇಜಿನಿಂದ ಕೆಳಗೆ ಉರುಳಿಸಿ, ಕೈಜಾರಿತು ಎಂದುಬಿಡಲೇ ಎನಿಸಿತು. ಕೈಜಾರುವುದು ಯಾರಿಗಾದರೂ ಆಗುತ್ತದೆ, ಅದರಲ್ಲಿ ಅವಮಾನವಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಡಿಗೆ ಕೈ ಹಾಕಿ ಎತ್ತಿಯೂ ನೋಡಿದೆ. ಇಬ್ಬರು ಬೇಕಾದ ಭಾರ, ಮಿಸುಕಲಿಲ್ಲ. ಕುರ್ಚಿಯಲ್ಲಿ ಕುಸಿದು ಅತ್ತೆ. ಅತ್ತದ್ದು ನನಗೇ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಅತ್ತು ಮುಗಿದ ಮೇಲೆ ಕೈ ತನ್ನಷ್ಟಕ್ಕೆ ಕೆಲಸ ಹಿಡಿಯಿತು. ಸರಿಯಿದ್ದ ಎರಡು ರಿಲೇಗಳಿಗೆ ಮುಚ್ಚಳ ಅಂಟಿಸಿ ವಾಪಸ್ ಕೂರಿಸಿದೆ. ತಂತಿ ಕತ್ತರಿಸಿದ್ದರ ಜಾಗಕ್ಕೆ ಡಬ್ಬಿಯಿಂದ ಒಂದು ಹೊಸದು ಹಾಕಿದೆ. ಈಗ ಕೈಯಲ್ಲಿ ಉಳಿದದ್ದು ಒಂದೇ ರಿಲೇ. ಅದನ್ನು ಸರಿಯಾದ ಜಾಗಕ್ಕೆ ಹಾಕಿದರೆ ಬದುಕಿದೆ, ತಪ್ಪಿದರೆ ಮುಗಿಯಿತು. ಯಾವ ಜಾಗ ಎಂದು ಹೇಳಲು ಒಂದು ಕಿವಿ ಬೇಕಿತ್ತು. ಎರಡೂವರೆಯವರೆಗೆ ಒದ್ದಾಡಿ ಪರದೆ ಸರಿಸಿದೆ.

“ಅತ್ತಿಗೆ, ಸ್ವಲ್ಪ ಒಳಗೆ ಬರ್ತೀರಾ?”

ಅವರು ಬಂದು ಮೇಜಿನ ಮೇಲಿದ್ದ ಕೊಯ್ದ ರಿಲೇ, ಬ್ಲೇಡ್, ನನ್ನ ಕೆಂಪು ಕಣ್ಣು ಎಲ್ಲವನ್ನೂ ನೋಡಿದರು.

“ನೆಗಡಿ ಕಿವಿಗೆ ಇಳಿದಿದೆ,” ಎಂದೆ. “ಇದನ್ನ ಹಾಕ್ಕೊಳ್ಳಿ. ನಾನು ಒಂದೊಂದೇ ಗುಂಡಿ ಒತ್ತಿ ತಟ್ತೀನಿ. ಕರಕರ ಅಂದ್ರೆ ಬೆರಳೆತ್ತಿ.”

“ಏಳನೇದು ಅಂತ ಬರ್ದಿದೀನಲ್ಲಪ್ಪ.”

“ಗಿರಾಕಿ ಹೇಳಿದ್ದು ಬಿಡಿ. ಅವನಿಗೇನು ಗೊತ್ತು?”

ಅವರು ಕನ್ನಡಕ ತೆಗೆದಿಟ್ಟು ಹೆಡ್‌ಫೋನ್ ಹಾಕಿಕೊಂಡರು. ಎಡ ಯಾವುದು, ಬಲ ಯಾವುದು ಎಂದು ಕೇಳಲಿಲ್ಲ. ನಾನು ಹೇಳುವ ಮೊದಲೇ ಕೈಚಾಚಿ ಸದ್ದನ್ನು ಹದಕ್ಕೆ ತಿರುಗಿಸಿದರು. ಆ ಹೊತ್ತಿನಲ್ಲಿ ಅದರ ಅರ್ಥ ನನಗೆ ಹೊಳೆಯಲಿಲ್ಲ.

ಒಂದರಿಂದ ಆರರವರೆಗೆ ಬೆರಳು ಏಳಲಿಲ್ಲ. ಏಳನೇ ಗುಂಡಿ ಒತ್ತಿ ಪೆನ್ಸಿಲಿನಿಂದ ತಟ್ಟಿದೆ. ಬೆರಳು ಎದ್ದಿತು. ಮತ್ತೆ ತಟ್ಟಿದೆ, ಮತ್ತೆ ಎದ್ದಿತು. ಬೇಕೆಂದೇ ತಟ್ಟುವಂತೆ ನಟಿಸಿ ನಿಲ್ಲಿಸಿದೆ, ಬೆರಳು ಏಳಲಿಲ್ಲ. ಅವರಿಗೆ ಅದು ಅಷ್ಟು ನಿಚ್ಚಳವಾಗಿ ಕೇಳಿಸುತ್ತಿತ್ತು. ಅವರು ಕಣ್ಣು ಮುಚ್ಚಿ ಕೂತಿದ್ದರು, ನಾನು ಕಣ್ಣು ಬಿಟ್ಟುಕೊಂಡು ಬರೀ ಪೆನ್ಸಿಲ್ ನೋಡುತ್ತಿದ್ದೆ. ಹೊಟ್ಟೆಕಿಚ್ಚು ಎಂದರೆ ಏನೆಂದು ಆ ಹೊತ್ತು ನನಗೆ ಗೊತ್ತಾಯಿತು.

ಏಳನೆಯದನ್ನು ಕಿತ್ತು ಕೊನೆಯ ರಿಲೇ ಹಾಕಿದೆ. ಕಿತ್ತದ್ದನ್ನು ತೆರೆದು ನೋಡಿದರೆ ಮೊನೆಗಳು ಮಸಿ ಬಳಿದಂತಿದ್ದವು. ಅತ್ತಿಗೆ ಇನ್ನೊಮ್ಮೆ ಎಂಟನ್ನೂ ಕೇಳಿ, ತಲೆಯಾಡಿಸಿ, ಕನ್ನಡಕ ಹಾಕಿಕೊಂಡು ಕೌಂಟರಿಗೆ ಹೋದರು. ಮೂರೂ ಮುಕ್ಕಾಲಾಗಿತ್ತು.

ರೆಕಾರ್ಡಿಂಗ್‌ನವನು ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ನನಗಿಂತ ಹತ್ತು ವರ್ಷ ಚಿಕ್ಕವನು, ತನ್ನ ಹೆಡ್‌ಫೋನನ್ನು ಕೊರಳಲ್ಲೇ ಹಾಕಿಕೊಂಡು ತಿರುಗುವವನು. ಎಂಟೂ ಗುಂಡಿ ಒತ್ತಿ, ಏಳನ್ನು ಹತ್ತು ಸಲ ಒತ್ತಿ, ಮುಖ ಅರಳಿಸಿದ.

“ಅಬ್ಬಾ! ಕನ್ನಡಿ ಥರ ಇದೆ. ಕಿವಿಯಣ್ಣ, ನಿಮ್ಮ ಕಿವಿ ಇನ್ನೂ ನೂರು ವರ್ಷ ಹೀಗೇ ಇರ್ಲಿ.”

ನಾನು ನಕ್ಕೆ. ಬಾಯಿ ಬಿಡಬಹುದಿತ್ತು, ಬಿಡಲಿಲ್ಲ.

“ಮೂರು ವಾರ ಕಾದಿದ್ದಕ್ಕೂ ಸಾರ್ಥಕ ಆಯ್ತು,” ಎಂದ ಅವನು. ಎದುರಿಗೆ ನಿಂತಿದ್ದರಿಂದ ತುಟಿ ನೋಡಿ ಅರ್ಥಮಾಡಿಕೊಂಡೆ. “ಫೋನ್ ಮಾಡ್ದಾಗೆಲ್ಲ ಪಾರ್ಟ್ ಬಂದಿಲ್ಲ, ಪಾರ್ಟ್ ಬಂದಿಲ್ಲ ಅಂತ ಅತ್ತಿಗೆಯವ್ರು ಒಂದೇ ರಾಗ.”

“ಮಧ್ಯ ಎರಡು ಸಲ ತಗೊಂಡು ಹೋಗಿದ್ದೆಯಲ್ಲ ನೀನು? ದೂರು ಹೇಳಿ ವಾಪಸ್ ತಂದೆಯಲ್ಲ?”

“ನಾನಾ? ತಂದಿಟ್ಟ ಮೇಲೆ ಇದರ ಮುಖ ಇವತ್ತೇ ನೋಡ್ತಿರೋದು.”

ಅತ್ತಿಗೆ ಕೌಂಟರಿನ ಮೇಲಿನ ಚೀಟಿಪುಸ್ತಕವನ್ನು ಸುಮ್ಮನೆ ನೇರ ಮಾಡುತ್ತಿದ್ದರು. ನಾನೂ ಅವನೂ ಮೆಷಿನನ್ನು ಎತ್ತಿ ಅವನ ಗಾಡಿಗೆ ಇಟ್ಟೆವು. ಅವನು ಹೋದ.

ಒಳಗೆ ಬಂದು ಗೋಡೆಯ ಮೊಳೆಗೆ ಚುಚ್ಚಿದ್ದ ಹಳೆಯ ಚೀಟಿಗಳ ಕಟ್ಟನ್ನು ತೆಗೆದೆ. ಎರಡು ವರ್ಷದ ದೂರುಗಳು. ‘ಬಲಗಡೆ ಸಣ್ಣ ಸೀಟಿ.’ ‘ಮೂರನೇ ಗುಂಡಿ, ಚಿಟ್ ಅನ್ನುತ್ತದೆ.’ ‘ಹಾಡಿಲ್ಲದಾಗ ಹಿಸ್.’ ನಾನು ಒಬ್ಬೊಬ್ಬ ಗಿರಾಕಿಯನ್ನೂ ಬೈದುಕೊಂಡು ಓದಿದ್ದ ಚೀಟಿಗಳು. ಎಲ್ಲವೂ ಸಣ್ಣ ಸದ್ದಿನವು, ಎಲ್ಲವೂ ನನ್ನ ಕಿವಿ ಬಿಟ್ಟುಕೊಟ್ಟ ಸದ್ದುಗಳು. ಕೌಂಟರಿನ ಕೆಳಗಿನ ಖಾನೆ ಎಳೆದೆ. ಅಣ್ಣನ ಹಳೆಯ ಹೆಡ್‌ಫೋನ್ ಅಲ್ಲಿತ್ತು, ಕಿವಿಯ ಮೆತ್ತೆ ಸವೆದು ಟೇಪು ಸುತ್ತಿಕೊಂಡು. ಸರಿಮಾಡಿ ಮುಂದಕ್ಕೆ ಕಳಿಸಿದ ಒಂದೊಂದು ಪೆಟ್ಟಿಗೆಯನ್ನೂ ಅತ್ತಿಗೆ ಇಲ್ಲಿ ಕೂತು ಕೇಳಿದ್ದಾರೆ. ಕೆಟ್ಟದ್ದು ಅಂಗಡಿಯ ಹೊಸಿಲು ದಾಟಿರಲೇ ಇಲ್ಲ.

“ಗಿರಾಕಿಗಳು ಯಾರೂ ದೂರು ಹೇಳೇ ಇಲ್ಲ,” ಎಂದೆ.

“ಇಲ್ಲ.”

“ನಂಗೆ ಒಂದು ಮಾತು ಹೇಳಬಾರದಾಗಿತ್ತಾ ಅತ್ತಿಗೆ? ಎರಡು ವರ್ಷ ನನ್ನನ್ನ ಮಂಗ ಮಾಡಿದ್ರಲ್ಲ!” ದನಿ ಎಷ್ಟು ಏರಿತೋ ನನಗೆ ಗೊತ್ತಾಗಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ.

ಅವರು ನನ್ನ ಎದುರಿಗೆ ಬಂದು ನಿಂತರು. “ಹೆಂಗೆ ಹೇಳ್ಲಪ್ಪ? ನಿಮ್ಮಣ್ಣ ಹೋದಾಗ ಕೂಡ ನೀನು ಈ ಮೇಜು ಬಿಟ್ಟು ಏಳ್ಲಿಲ್ಲ. ನಿನ್ನ ಕಿವಿ ಹೋಯ್ತು ಅಂತ ನಾನು ಹೇಳಿದ್ರೆ ನೀನು ಉಳೀತಿದ್ದೆಯಾ? ಅದಕ್ಕೆ ಗಿರಾಕಿ ಬಾಯಲ್ಲಿ ಹೇಳಿಸ್ದೆ.”

“ಸೋಮವಾರ ನೀವು ಹೋದ್ಮೇಲೆ?”

“ಅದೇ ನನ್ನ ಸಂಕಟ. ಮಗಳಿಗೆ ಮಾತು ಕೊಟ್ಟಾಗಿದೆ, ಹೋಗ್ಲೇಬೇಕು. ಅಷ್ಟರೊಳಗೆ ನೀನೇ ಬಾಯ್ಬಿಟ್ಟು ಹೇಳ್ತೀಯೇನೋ ಅಂತ ಕಾದೆ. ಹೇಳ್ಲಿ ಅಂತ್ಲೇ ಕೆಂಪು ಶಾಯೀಲಿ ಬರ್ದೆ. ನೀನು ನೆಗಡಿ ಅಂದೆ.”

ಕೋಪ ಎಲ್ಲಿ ಹೋಯಿತೋ ಹೋಯಿತು. ಅದರ ಜಾಗಕ್ಕೆ ಬರೀ ಭಯ ಬಂತು. ಸೋಮವಾರದಿಂದ ಈ ಅಂಗಡಿಯಲ್ಲಿ ಕೇಳುವ ಕಿವಿ ಒಂದೂ ಇರುವುದಿಲ್ಲ. ಮಂಗಳವಾರ ಬರುವ ಪೆಟ್ಟಿಗೆಯನ್ನು ಬಿಚ್ಚಿ ಕೂತರೆ ಯಾವ ರಿಲೇ ಸತ್ತಿದೆ, ಯಾವುದು ಬದುಕಿದೆ ಎಂದು ನನಗೆ ತಿಳಿಯುವುದಿಲ್ಲ. ಇನ್ನೆಷ್ಟು ಒಳ್ಳೆಯದನ್ನು ಕೊಯ್ದು ಹಾಕುತ್ತೇನೋ. ಯಾರಿಗಾದರೂ ಹೇಳಲೇಬೇಕು, ಹೇಳುವುದನ್ನು ಎಲ್ಲಿಂದಾದರೂ ಶುರುಮಾಡಬೇಕು.

ಕೌಂಟರಿನ ಹಿಂದಿನಿಂದ ಹೊರಗೆ ಬಂದು, ಸೂಟ್‌ಕೇಸುಗಳನ್ನು ಸುತ್ತಿ, ಗಿರಾಕಿಗಳು ನಿಲ್ಲುವ ಕಡೆ ನಿಂತೆ. ಮೂವತ್ತು ವರ್ಷದಲ್ಲಿ ನಾನು ಆ ಕಡೆ ನಿಂತದ್ದೇ ಇಲ್ಲ. ಅಲ್ಲಿಂದ ಅಂಗಡಿ ಇಕ್ಕಟ್ಟಾಗಿ, ಹಳೆಯದಾಗಿ ಕಾಣಿಸಿತು. ಅತ್ತಿಗೆಗೆ ಅರ್ಥವಾಯಿತು. ಕನ್ನಡಕ ಸರಿಮಾಡಿಕೊಂಡು ಚೀಟಿಪುಸ್ತಕ ಎಳೆದುಕೊಂಡರು.

“ಏನು ತೊಂದ್ರೆ?” ಎಂದರು, ಯಾರನ್ನೋ ಕೇಳುವ ಹಾಗೆ.

“ಕಿವಿ,” ಎಂದೆ. ಅವರು ಪೆನ್ನು ಹಿಡಿದು ಕಾದರು. “ಎರಡೂ ಕಡೆ. ಸಣ್ಣ ಸದ್ದು ಯಾವುದೂ ಕೇಳಿಸಲ್ಲ. ರಿಲೇ ಕೇಳಿಸಲ್ಲ. ನೀವು ಬೆನ್ನು ತಿರುಗಿಸಿದ್ರೆ ನೀವೂ ಕೇಳಿಸಲ್ಲ.”

ಅವರು ಅಷ್ಟನ್ನೂ ಬರೆದರು. ಹೆಸರಿನ ಜಾಗದಲ್ಲಿ ‘ಕಿವಿ’ ಎಂದು ಶುರುಮಾಡಿ, ಹೊಡೆದುಹಾಕಿ, ‘ನನ್ನ ಮೈದುನ’ ಎಂದು ಬರೆದರು.

“ಎಷ್ಟನೇ ಸಲ?”

“ಇದೇ ಮೊದಲು.”

ವಾಪಸ್ ಕೊಡುವ ತಾರೀಕಿನ ಜಾಗವನ್ನು ಖಾಲಿ ಬಿಟ್ಟು, ಚೀಟಿಯನ್ನು ಅರ್ಧಕ್ಕೆ ಹರಿದು ನನ್ನ ಪಾಲನ್ನು ಕೈಗಿಟ್ಟರು. ಹಾಗೆ ಕೊಡುವಾಗ ತಲೆ ತಗ್ಗಿಸಿದ್ದರು, ಭುಜ ಅಲುಗುತ್ತಿತ್ತು. ಪುಸ್ತಕದ ಕಡೆಗೇ ಮುಖ ಮಾಡಿ ಏನೋ ಹೇಳಿದರು. ಎರಡು ವರ್ಷದಿಂದ ಇಂಥ ಹೊತ್ತಿನಲ್ಲೆಲ್ಲ ನಾನು ಹೂಂ ಎಂದು ತಲೆಯಾಡಿಸಿದ್ದೆ.

“ಕೇಳಿಸ್ಲಿಲ್ಲ ಅತ್ತಿಗೆ,” ಎಂದೆ. “ಇನ್ನೊಂದ್ಸಲ ಹೇಳಿ.”